ಕಡಲ ಕಾಡನ್ನು ಮರಳಿ ಬೆಳೆಸಲು ಯಾವ ದಾರಿ? ಕೆಲ್ಪ್‌ನವರ ಪಾಠ, ಕಾಂಡ್ಲಾದ ಲೆಕ್ಕ

ಕಳೆದ ಬೇಸಿಗೆಯ ಒಂದು ಸಂಜೆ ಊರಿನ ಯುವಕ ಸಂಘದ ನಾಲ್ವರು ಹುಡುಗರು ಜಗಲಿಗೆ ಬಂದು ಮೊಬೈಲ್ ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ತಿಳಿಹಸಿರು ನೀರು, ಅದರೊಳಗೆ ಅಡಿಕೆ ತೋಟದ ಮರಗಳಂತೆ ನೆಟ್ಟಗೆ ನಿಂತ ಕಂದು ದಂಟುಗಳು, ನಡುವೆ ಮೀನಿನ ಹಿಂಡು. "ಅಕ್ಕೋರೇ, ಇದನ್ನು ನಮ್ಮ ಸಮುದ್ರದಲ್ಲಿ ಬೆಳೆಸಬಹುದೇ? ಸಂಘದಲ್ಲಿ ಸ್ವಲ್ಪ ಹಣವಿದೆ, ಒಂದು ಕಂಪನಿಯವರೂ ಕೊಡುತ್ತೇವೆ ಎಂದಿದ್ದಾರೆ" ಎಂದು ಕೇಳಿದರು. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವಳು ಎಂಬ ಕಾರಣಕ್ಕೆ ಇಂಥ ಪ್ರಶ್ನೆಗಳು ಈಗಲೂ ನನ್ನ ಜಗಲಿಗೇ ಬರುತ್ತವೆ.

ಆಗುವುದಿಲ್ಲ ಎಂದು ಹೇಳಿ ಚಹಾ ಕುಡಿಸಿ ಕಳಿಸಬಹುದಿತ್ತು. ಕೆಲ್ಪ್ ಎಂಬ ಈ ದೊಡ್ಡ ಕಂದು ಕಡಲಕಳೆ ತಣ್ಣೀರಿನ ಜೀವ. ನೀರು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದರ ಹೆಚ್ಚಿನ ಜಾತಿಗಳಿಗೆ ಸಂಕಟ ಶುರುವಾಗುತ್ತದೆ. ಕಾರವಾರದ ಮೇಲ್ನೀರು ವರ್ಷದ ಬಹುಪಾಲು 26ರಿಂದ 30 ಡಿಗ್ರಿಯಲ್ಲಿರುತ್ತದೆ. ಹಾಗೆಂದು ಅರಬ್ಬಿ ಸಮುದ್ರದಲ್ಲಿ ಕೆಲ್ಪ್ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನಮಗೆ ಮಳೆ ಹೊತ್ತು ತರುವ ಅದೇ ನೈರುತ್ಯ ಮಾರುತ ಒಮಾನಿನ ಧೋಫಾರ್ ತೀರದಲ್ಲಿ ಆಳದ ತಣ್ಣೀರನ್ನು ಮೇಲಕ್ಕೆ ಎಬ್ಬಿಸುತ್ತದೆ. ಆ ತಂಪಿನ ಆಸರೆಯಲ್ಲಿ ಎಕ್ಲೋನಿಯಾ ಎಂಬ ಕೆಲ್ಪ್ ಅಲ್ಲಿ ಬದುಕಿದೆ. ಒಂದೇ ಗಾಳಿ, ಅವರಿಗೆ ಕೆಲ್ಪ್, ನಮಗೆ ಕೆಂಪು ನೀರಿನ ಕಾಳಿ ನದಿ.

ಆದರೂ ಹುಡುಗರನ್ನು ಕೂರಿಸಿಕೊಂಡೆ. ಕೆಲ್ಪ್ ನಮಗೆ ಒಗ್ಗದಿದ್ದರೂ ಕೆಲ್ಪ್ ಉಳಿಸಲು ಹೊರಟವರ ಅನುಭವ ಒಗ್ಗುತ್ತದೆ. ಹಾಳಾದ ಕಡಲ ಕಾಡನ್ನು ಮರಳಿಸಲು ಎಷ್ಟು ದಾರಿಗಳಿವೆ, ಯಾವುದು ಎಲ್ಲಿ ಗೆದ್ದಿತು, ಎಲ್ಲಿ ಮುಗ್ಗರಿಸಿತು ಎಂಬುದನ್ನು ಅವರು ಕೈಸುಟ್ಟುಕೊಂಡೇ ಕಲಿತಿದ್ದಾರೆ. ನಾವು ಮೊದಲು ಅವರ ಪಟ್ಟಿ ನೋಡಿ, ಆಮೇಲೆ ನಮ್ಮ ಅಳಿವೆಗೆ ಬಂದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮೂರಿನಲ್ಲೂ ಒಂದಿಷ್ಟು ಹಣ, ಒಂದಿಷ್ಟು ಹುಮ್ಮಸ್ಸು ಕೂಡಿಬಂದು ಏನು ಮಾಡುವುದೆಂದು ತೋಚದಿದ್ದರೆ ಉಪಯೋಗಕ್ಕೆ ಬಂದೀತು.

ಕೆಲ್ಪ್‌ನವರು ಏನೇನು ಮಾಡಿ ನೋಡಿದರು

ಉತ್ತರ ಕ್ಯಾಲಿಫೋರ್ನಿಯಾದ ಕಥೆಯಿಂದ ಶುರುಮಾಡೋಣ. 2013ರಲ್ಲಿ ಅಲ್ಲಿನ ನಕ್ಷತ್ರಮೀನುಗಳಿಗೆ ಕರಗಿಹೋಗುವ ರೋಗ ಬಂತು. ಹತ್ತಿಪ್ಪತ್ತು ತೋಳಿನ ಸೂರ್ಯಕಾಂತಿ ನಕ್ಷತ್ರಮೀನು ಕಡಲ ಮುಳ್ಳುಚೆಂಡುಗಳನ್ನು (ಸೀ ಅರ್ಚಿನ್) ತಿಂದು ಹದ್ದುಬಸ್ತಿನಲ್ಲಿಡುತ್ತಿತ್ತು. ಅದು ಹೆಚ್ಚುಕಡಿಮೆ ಕಾಣದಾಯಿತು. ಅದರ ಬೆನ್ನಿಗೇ 2014ರಿಂದ 2016ರವರೆಗೆ ಸಮುದ್ರ ಬಿಸಿಯೇರಿ ಕೆಲ್ಪ್ ಸೊರಗಿತು. ಕೇಳುವವರಿಲ್ಲದ ನೇರಳೆ ಮುಳ್ಳುಚೆಂಡುಗಳು ಉಳಿದದ್ದನ್ನೂ ಬುಡಸಮೇತ ಮೇಯ್ದವು. ಆ ಭಾಗದ ಬುಲ್ ಕೆಲ್ಪ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೋಯಿತು. ಇದರಲ್ಲಿ ನನ್ನನ್ನು ಬೆರಗಾಗಿಸಿದ ಸಂಗತಿಯೆಂದರೆ, ತಿನ್ನಲು ಏನೂ ಉಳಿಯದ ಮೇಲೂ ಮುಳ್ಳುಚೆಂಡುಗಳು ಸಾಯಲಿಲ್ಲ. ಒಳಗೆಲ್ಲ ಟೊಳ್ಳಾಗಿ, ಹಸಿದುಕೊಂಡೇ ವರ್ಷಗಟ್ಟಲೆ ಬಂಡೆಯ ಮೇಲೆ ಕೂತವು. ಒಡೆದರೆ ಒಳಗೆ ಗಟ್ಟಿಯಿಲ್ಲದ ಕಾರಣ ಮಾರುಕಟ್ಟೆಯೂ ಇಲ್ಲ, ಹಾಗಾಗಿ ಹಿಡಿಯುವವರೂ ಇಲ್ಲ. ಒಂದು ಚಿಗುರು ಎದ್ದರೆ ಸಾಕು, ಅದನ್ನು ಸವರಿ ಹಾಕುತ್ತವೆ.

ಇಂಥಲ್ಲಿ ಸಸಿ ನೆಟ್ಟು ಏನು ಫಲ? ಲಾಸ್ ಏಂಜಲೀಸ್ ಬಳಿಯ ಪಾಲೋಸ್ ವರ್ಡೆಸ್‌ನಲ್ಲಿಯೂ ಮುಳ್ಳುಚೆಂಡುಗಳು ಬಂಡೆಗಳನ್ನು ಬೋಳಾಗಿಸಿದ್ದವು. ಅಲ್ಲಿ 2013ರಿಂದ ಮುಳುಗುಗಾರರು ಸುತ್ತಿಗೆ ಹಿಡಿದು ನೀರಿಗಿಳಿದರು. ಚದರ ಮೀಟರಿಗೆ ಎರಡೇ ಉಳಿಯುವವರೆಗೆ ಮುಳ್ಳುಚೆಂಡುಗಳನ್ನು ಒಡೆದು ಹಾಕಿದರು. ಕೆಲ್ಪ್ ಅನ್ನು ನೆಡಲು ಹೋಗಲಿಲ್ಲ. ಅಕ್ಕಪಕ್ಕದಲ್ಲಿ ಉಳಿದಿದ್ದ ಕೆಲ್ಪ್‌ನಿಂದ ಬೀಜಾಣು ತೇಲಿಬಂದು ತಾನಾಗಿ ಚಿಗುರಿತು. ಬೇಗ ಫಲ ಕೊಡುವ ದಾರಿ ಇದು. ಆದರೆ ಕೂಲಿಯ ಕೆಲಸ, ಕೈ ಬಿಟ್ಟರೆ ಮುಳ್ಳುಚೆಂಡು ಮತ್ತೆ ಏರುತ್ತದೆ. ಇನ್ನೊಂದು ತೊಡಕೂ ಇದೆ: ಕಾಡು ಹಾಳಾಗಲು ಎಷ್ಟು ಮುಳ್ಳುಚೆಂಡು ಬೇಕಾಯಿತೋ, ಅದು ಮರಳಬೇಕಾದರೆ ಸಂಖ್ಯೆ ಅದಕ್ಕಿಂತ ಬಹಳ ಕೆಳಗಿಳಿಯಬೇಕು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಲಾಗದು.

ನ್ಯೂಜಿಲೆಂಡಿನ ಲೇ ಎಂಬಲ್ಲಿ ಸುತ್ತಿಗೆಯೂ ಬೇಕಾಗಲಿಲ್ಲ. 1975ರಲ್ಲಿ ಅಲ್ಲಿನ ಒಂದಿಷ್ಟು ಕಡಲನ್ನು ಮೀಸಲೆಂದು ಸಾರಿ ಮೀನುಗಾರಿಕೆ ನಿಲ್ಲಿಸಿದರು. ಸ್ನ್ಯಾಪರ್ ಮೀನು, ಕಲ್ಲುಸಿಗಡಿ ಬೆಳೆದು ದೊಡ್ಡವಾದವು, ಮುಳ್ಳುಚೆಂಡು ತಿಂದವು, ಕೆಲ್ಪ್ ಬಂತು. ಖರ್ಚು ಕಡಿಮೆ, ಫಲ ಗಟ್ಟಿ. ಕಾಯಬೇಕಾದ ಕಾಲ ಮಾತ್ರ ದಶಕಗಳ ಲೆಕ್ಕದ್ದು. ಯುವಕ ಸಂಘದ ಅಧ್ಯಕ್ಷರ ಅವಧಿಯಲ್ಲಿ ಮುಗಿಯುವಂಥದ್ದಲ್ಲ.

ಸಿಡ್ನಿಯದು ಬೇರೆಯೇ ಕಥೆ. ಅಲ್ಲಿ ಸುಮಾರು 70 ಕಿಲೋಮೀಟರ್ ತೀರದಿಂದ ಕ್ರೇವೀಡ್ ಎಂಬ ಕಂದು ಕಡಲಕಳೆ 1980ರ ದಶಕದ ಹೊತ್ತಿಗೆ ಮಾಯವಾಯಿತು. ದಂಡೆಗೇ ಬಿಡುತ್ತಿದ್ದ ನಗರದ ಕೊಳಚೆ ಅದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. 1990ರ ದಶಕದ ಆರಂಭದಲ್ಲಿ ಕೊಳಚೆಯನ್ನು ದೂರದ ಆಳಕ್ಕೆ ಸಾಗಿಸಿದರು, ನೀರು ತಿಳಿಯಾಯಿತು, ಕಳೆ ಬರಲಿಲ್ಲ. ಸುತ್ತಮುತ್ತ ತಾಯಿಗಿಡವೇ ಉಳಿದಿರಲಿಲ್ಲವಲ್ಲ! ಆಗ 2011ರ ನಂತರ ಬೇರೆಡೆಯಿಂದ ಗಂಡು ಹೆಣ್ಣು ಗಿಡಗಳನ್ನು ತಂದು ಬಂಡೆಗೆ ಜಾಲರಿಯಿಂದ ಕಟ್ಟಿದರು. ಅವುಗಳ ಮರಿಗಳು ಪಕ್ಕದ ಬಂಡೆಗಳಿಗೆ ಹಬ್ಬಿದವು. ನೆಡುವುದು ಗೆದ್ದ ಅಪರೂಪದ ಉದಾಹರಣೆ ಇದು. ಗೆದ್ದದ್ದು ಏಕೆಂದರೆ ಕಾರಣ ಮೊದಲೇ ತೊಲಗಿತ್ತು, ಕೊರತೆಯಿದ್ದದ್ದು ಬೀಜಕ್ಕೆ ಮಾತ್ರ.

ನಾರ್ವೆಯವರು ಕಂಡುಕೊಂಡ ಉಪಾಯ ಎಲ್ಲಕ್ಕಿಂತ ಅಗ್ಗದ್ದು: ಪ್ರಯೋಗಾಲಯದಲ್ಲಿ ಜಲ್ಲಿಕಲ್ಲುಗಳ ಮೇಲೆ ಕೆಲ್ಪ್‌ನ ಬೀಜಾಣು ಅಂಟಿಸಿ, ಎರಡು ಮೂರು ಸೆಂಟಿಮೀಟರ್ ಬೆಳೆಸಿ, ದೋಣಿಯಿಂದ ಬುಟ್ಟಿಗಟ್ಟಲೆ ಸುರಿಯುವುದು. ಮುಳುಗುಗಾರರು ಬೇಡ. ಅಲೆಯ ಹೊಡೆತ ಹೆಚ್ಚಿರುವಲ್ಲಿ ಆ ಕಲ್ಲು ಉರುಳಿ ಹೋಗುತ್ತದೆ, ಮೇಯುವವರಿರುವಲ್ಲಿ ಮೇವಾಗುತ್ತದೆ.

ಇಷ್ಟು ಹೇಳಿದ ಮೇಲೆ ಹುಡುಗರಲ್ಲಿ ಕಿರಿಯವನು, "ಹಾಗಾದರೆ ನೆಡುವುದು ಕೊನೆಯ ಕೆಲಸವೇ?" ಎಂದ. ಬಹುತೇಕ ಹಾಗೆಯೇ. ಯಾವುದು ಬೆಳೆಯಲು ಬಿಡುತ್ತಿಲ್ಲ ಎಂದು ಕೇಳದೆ ನೆಟ್ಟರೆ ಮುಳ್ಳುಚೆಂಡಿಗೆ ಊಟ ಬಡಿಸಿದಂತೆ.

ನಮ್ಮಲ್ಲಿ ಹಾಳಾದದ್ದು ಯಾವುದು

ನಮ್ಮ ಬಂಡೆಗಳ ಮೇಲೂ ಒಂದು ಕಂದು ಕಾಡು ಇದೆ. ಮಾಜಾಳಿಯಿಂದ ಭಟ್ಕಳದವರೆಗೆ ಕಡಲಿಗೆ ಚಾಚಿದ ಕಲ್ಲುಗಳ ಮೇಲೆ ಮಳೆಗಾಲ ಮುಗಿದ ನಂತರ ಸರ್ಗಾಸಮ್ ಎಂಬ ಕಡಲಕಳೆ ಏಳುತ್ತದೆ. ಚಳಿಗಾಲದ ಇಳಿತದಲ್ಲಿ ಹೋಗಿ ನೋಡಿ: ಒದ್ದೆ ಜಡೆಯಂತೆ ಕಲ್ಲಿನ ಮೇಲೆ ಒರಗಿರುತ್ತದೆ, ಎತ್ತಿ ನೋಡಿದರೆ ಎಲೆಯ ಬುಡದಲ್ಲಿ ಮೆಣಸಿನ ಕಾಳಿನಷ್ಟು ಗಾಳಿಗುಳ್ಳೆಗಳು. ಭರತ ಬಂದಾಗ ಅವೇ ಅದನ್ನು ಎದ್ದು ನಿಲ್ಲಿಸುತ್ತವೆ. ಬೇಸಿಗೆಯ ಬಿಸಿಲಿಗೆ ಸುಟ್ಟು, ಜೂನ್ ಅಲೆಗೆ ಕಿತ್ತು ಹೋಗುತ್ತದೆ. ಬುಡದ ಅಂಟು ಮಾತ್ರ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಜುಲೈನಲ್ಲಿ ಬೋಳು ಬಂಡೆ ನೋಡಿ ಕಾಡು ನಾಶವಾಯಿತೆಂದು ಯಾರೂ ಯೋಜನೆ ಬರೆಯಬಾರದು. ಅದು ಅದರ ವರ್ಷದ ಲಯ. ಆ ಬಂಡೆ ಒಡೆಯದಿದ್ದರೆ, ಅಲ್ಲಿಗೆ ಕೊಳಚೆಯ ಪೈಪು ಬಿಡದಿದ್ದರೆ ಸಾಕು.

ನಿಜವಾಗಿ ಹಾಳಾದದ್ದು ಅಳಿವೆಯೊಳಗಿನ ಕಾಡು, ಅಂದರೆ ಕಾಂಡ್ಲಾ (ಮ್ಯಾಂಗ್ರೋವ್). ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ನದಿಗಳ ಬಾಯಲ್ಲಿ ಅದು ಕಡಿದು, ಮುಚ್ಚಿ, ಒಡ್ಡು ಕಟ್ಟಿ ಕಡಿಮೆಯಾಯಿತು. ಅರಣ್ಯ ಇಲಾಖೆ ನೆಟ್ಟು ಕಾಯ್ದ ಕಡೆ ಒಂದಿಷ್ಟು ಮರಳಿದೆ. ಕೆಲ್ಪ್ ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಇದೇ ಮಾಡುತ್ತದೆ: ಸಿಗಡಿ ಮರಿಗೆ, ಏಡಿಗೆ, ಕಾಗಳಸೆ ಮೀನಿನ ಮರಿಗೆ ತೊಟ್ಟಿಲು, ದಂಡೆಗೆ ತಡೆ. ಹಾಗಾಗಿ ಹೋಲಿಸಬೇಕಾದ ದಾರಿಗಳು ಇಲ್ಲಿವೆ.

ಸಸಿ ನೆಡುವುದು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ನಾನೂ ಇದನ್ನೇ ಮಾಡಿದವಳು. ನೌಕರಿಯಲ್ಲಿದ್ದಾಗ ಒಂದು ಜೂನ್ 5ರಂದು ಒಂದು ಸಂಸ್ಥೆಯವರು ಟೆಂಪೊ ತುಂಬ ಕಾಂಡ್ಲಾ ಸಸಿ, ಬ್ಯಾನರು, ಟೋಪಿ ತಂದರು. ನಾನು ಏಳನೆಯ ತರಗತಿಯ ಮಕ್ಕಳನ್ನು ಸಾಲಾಗಿ ಕರೆದೊಯ್ದೆ. ಇಳಿತದಲ್ಲಿ ಬರಿದಾಗಿ ಕಾಣುತ್ತಿದ್ದ ಕೆಸರು ಬಯಲಿನಲ್ಲಿ, ಹಗ್ಗ ಹಿಡಿದು ಸಾಲು ಹೊಡೆದು, ಐದುನೂರಕ್ಕೂ ಹೆಚ್ಚು ಸಸಿ ನೆಟ್ಟೆವು. ಪತ್ರಿಕೆಯಲ್ಲಿ ಫೋಟೊ ಬಂತು.

ದೀಪಾವಳಿ ರಜೆಯಲ್ಲಿ ಹೋಗಿ ನೋಡಿದರೆ ಅರ್ಧ ಜುಲೈ ನೆರೆಗೇ ಕಿತ್ತು ಹೋಗಿತ್ತು. ಉಳಿದವುಗಳ ಕಾಂಡದ ತುಂಬ ದೋಣಿಯ ತಳಕ್ಕೆ ಅಂಟುವಂಥ ಸುಣ್ಣದ ಗುಳ್ಳೆಗಳು. ಬೆರಳಷ್ಟು ದಪ್ಪದ ಕಾಂಡ ಅವುಗಳ ಭಾರಕ್ಕೆ ಬಾಗಿ ಕೆಸರಿಗೆ ಮುಖವಿಟ್ಟಿತ್ತು. ಮರುವರ್ಷ ಎಣಿಸಿದಾಗ ಹನ್ನೊಂದು. ಆ ಬಯಲಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಿದ್ದ ಒಬ್ಬ ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತು, "ಅಕ್ಕೋರೇ, ಅಲ್ಲಿ ಗಿಡ ಬರುವುದಿದ್ದರೆ ದೇವರೇ ನೆಡುತ್ತಿದ್ದನಲ್ಲ! ನೀವು ನೆಟ್ಟದ್ದು ನಮ್ಮ ಅನ್ನದ ತಾಟಿನಲ್ಲಿ" ಎಂದಳು. ಮೂರು ತಪ್ಪುಗಳನ್ನು ಅವಳು ಎರಡೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು.

ಮೊದಲ ತಪ್ಪು ಎತ್ತರದ್ದು. ಕಾಂಡ್ಲಾ ಉಪ್ಪುನೀರಿನ ಗಿಡ ಹೌದು, ನೀರೊಳಗಿನ ಗಿಡವಲ್ಲ. ಸಮುದ್ರದ ಸರಾಸರಿ ಮಟ್ಟಕ್ಕಿಂತ ಮೇಲೆ, ಹುಣ್ಣಿಮೆ ಅಮಾವಾಸ್ಯೆಯ ಭರತ ಮುಟ್ಟುವ ಎತ್ತರದವರೆಗೆ, ಆ ನಡುವಿನ ಪಟ್ಟಿಯೇ ಅದರ ಮನೆ. ಫ್ಲೋರಿಡಾದಲ್ಲಿ ಜೀವಮಾನವಿಡೀ ಇದೇ ಕೆಲಸ ಮಾಡಿದ ರಾಬಿನ್ ಲೂಯಿಸ್ ಎಂಬ ವಿಜ್ಞಾನಿಯ ಲೆಕ್ಕದಲ್ಲಿ, ದಿನದ ನೂರು ಪಾಲು ಸಮಯದಲ್ಲಿ ಮೂವತ್ತಕ್ಕಿಂತ ಹೆಚ್ಚು ಹೊತ್ತು ಮುಳುಗಿರುವ ನೆಲ ಅದಕ್ಕೆ ಆಗದು. ನಾವು ನೆಟ್ಟ ಬಯಲು ದಿನದ ಬಹುಪಾಲು ನೀರಡಿಯೇ ಇರುತ್ತಿತ್ತು. ಖಾಲಿ ಜಾಗ, ಯಾರ ತಕರಾರೂ ಇಲ್ಲ ಎಂಬ ಕಾರಣಕ್ಕೆ ಎಲ್ಲರೂ ಅಂಥದ್ದನ್ನೇ ಆರಿಸುತ್ತಾರೆ. ಎರಡನೆಯದು ಕಾಲದ್ದು, ತೆರೆದ ನದಿಬಾಯಿಯಲ್ಲಿ ಜೂನ್ ಮೊದಲ ವಾರ ನೆಟ್ಟ ಸಸಿಗೆ ಬೇರು ಹಿಡಿಯುವ ಮೊದಲೇ ಕೆಂಪು ನೀರು ಬರುತ್ತದೆ. ಮೂರನೆಯದು ಅಜ್ಜಿಯ ತಾಟಿನದು, ಅದರ ವಿಷಯ ಮುಂದೆ ಬರುತ್ತದೆ.

ನರ್ಸರಿ ಸಸಿ ಬೇಕೇ ಬೇಕಾಗುವ ಸಂದರ್ಭಗಳೂ ಇವೆ. ಉಪ್ಪಟ್ಟಿ (ಅವಿಸೆನಿಯಾ), ಸೊನ್ನೆರೇಶಿಯಾ ಎಂಬ ಕಾಂಡ್ಲಾ ಜಾತಿಗಳ ಬೀಜ ಸಣ್ಣದು. ಅಲೆ ತಾಗುವಲ್ಲಿ ನಿಲ್ಲುವುದಿಲ್ಲ. ಅವನ್ನು ಕೆಸರು ತುಂಬಿದ ಚೀಲದಲ್ಲಿ, ಭರತದ ನೀರು ಬಂದುಹೋಗುವಂಥ ಮಡಿಯಲ್ಲಿ ಆರೆಂಟು ತಿಂಗಳು ಬೆಳೆಸಿ ನೆಡಬೇಕಾಗುತ್ತದೆ. ತಾಯಿಮರವೇ ಇಲ್ಲದ ಅಳಿವೆಗೂ ಇದೇ ಗತಿ; ಅದು ಸಿಡ್ನಿಯವರ ಸ್ಥಿತಿ.

ಕೋಡು ಊರುವುದು

ರೈಜೋಫೊರಾ ಜಾತಿಯ ಕಾಂಡ್ಲಾಕ್ಕೆ ನರ್ಸರಿಯ ಖರ್ಚೇ ದಂಡ ಎಂದು ನನ್ನ ಅಭಿಪ್ರಾಯ. ಅದರ ಬೀಜ ಮರದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬೀಳುತ್ತದೆ; ಅದೇ ಕೋಡು. ಮಳೆಗಾಲದಲ್ಲಿ ಬಲಿಯುತ್ತದೆ. ಬಲಿತದ್ದನ್ನು ಗುರುತಿಸುವುದು ಹೀಗೆ: ಕೋಡು ಕಾಯಿಗೆ ಸೇರುವ ಕಡೆ ಬೆರಳಿನ ಉಂಗುರದಂತೆ ಹಳದಿ ಪಟ್ಟಿ ಮೂಡಿರುತ್ತದೆ, ಕೈಯಲ್ಲಿ ಹಿಡಿದು ಮೆಲ್ಲಗೆ ತಿರುವಿದರೆ ಎಳೆಯುವ ಮೊದಲೇ ಕಳಚಿಕೊಳ್ಳುತ್ತದೆ. ಜಗ್ಗಿ ಕೀಳಬೇಕಾದದ್ದು ಇನ್ನೂ ಎಳೆಯದು, ಬಿಟ್ಟುಬಿಡಿ. ಕೆಳಗೆ ಬಿದ್ದದ್ದನ್ನು ಹೆಕ್ಕುವುದಾದರೆ ಏಡಿ ಕೊರೆದ ತೂತಿದೆಯೇ ನೋಡಿ. ಚೂಪಾದ ತುದಿ ಕೆಳಗಿರುವಂತೆ, ಉದ್ದದ ಮೂರರಲ್ಲಿ ಒಂದು ಪಾಲು ಕೆಸರಿಗೆ ಊರಿದರೆ ಆಯಿತು. ಇಬ್ಬರು ಹೆಂಗಸರು ಒಂದು ಇಳಿತದಲ್ಲಿ ನೂರಾರು ಊರಬಲ್ಲರು.

ಸಸಿಗೂ ಕೋಡಿಗೂ ಹೋಲಿಸಿದರೆ ಕೋಡು ಅಗ್ಗ, ಪ್ಲಾಸ್ಟಿಕ್ ಚೀಲದ ಕಸವಿಲ್ಲ, ಸಾಗಣೆಯಲ್ಲಿ ಬೇರು ಕಡಿಯುವ ಭಯವಿಲ್ಲ. ಸತ್ತರೆ ಮುಂದಿನ ಮಳೆಗೆ ಮತ್ತೆ ಊರಲು ಮನಸ್ಸಾಗುತ್ತದೆ. ದೋಷವೆಂದರೆ ಸುಲಭವೆಂದು ಎಲ್ಲರೂ ಇದೊಂದನ್ನೇ ಊರುತ್ತಾರೆ. ಒಂದೇ ಜಾತಿಯ, ಒಂದೇ ವಯಸ್ಸಿನ, ಸಾಲು ಹಿಡಿದ ಗಿಡಗಳು ಕಾಡಾಗುವುದಿಲ್ಲ, ಅಕೇಶಿಯಾ ಪ್ಲಾಂಟೇಶನ್ನಿನ ನೀರಿನ ಆವೃತ್ತಿಯಾಗುತ್ತದೆ. ಘಟ್ಟದ ಮೇಲೆ ಶಿರಸಿಯವರು ಆ ತಪ್ಪಿನ ರುಚಿ ನೋಡಿದ್ದಾರೆ, ಕೇಳಿ ನೋಡಿ.

ನದಿ ನೋಡಿ ಜಾತಿ ಆರಿಸಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶರಾವತಿಯ ಮೇಲೆ ಲಿಂಗನಮಕ್ಕಿ, ಗೇರುಸೊಪ್ಪೆಯ ಅಣೆಕಟ್ಟುಗಳಿವೆ. ವಿದ್ಯುತ್ ತೆಗೆದ ನಂತರದ ನೀರು ವರ್ಷವಿಡೀ ಬರುವುದರಿಂದ ಅದರ ಅಳಿವೆಯಲ್ಲಿ ಉಪ್ಪು ತೆಳುವಾಗಿದೆ. ಅಲ್ಲಿ ಸಿಹಿನೀರು ಸಹಿಸುವ ಸೊನ್ನೆರೇಶಿಯಾ ಹುಲುಸಾಗಿ ಬರುತ್ತದೆ, ಗಟ್ಟಿ ಉಪ್ಪು ಬೇಡುವವು ಸೊರಗುತ್ತವೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಉಪ್ಪು ಒಳಗಿನ ತನಕ ಏರುತ್ತದೆ, ರೈಜೋಫೊರಾ, ಉಪ್ಪಟ್ಟಿ ಎರಡಕ್ಕೂ ಅದು ತವರು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಒಂದು ನದಿಯಲ್ಲಿ ಗೆದ್ದದ್ದನ್ನು ಇನ್ನೊಂದಕ್ಕೆ ಟೆಂಪೊದಲ್ಲಿ ತುಂಬಿ ತರುವ ಮೊದಲು ಎದುರು ದಂಡೆಯಲ್ಲಿ ತಾನಾಗಿ ಬೆಳೆದದ್ದು ಯಾವುದೆಂದು ನೋಡಿದರೆ ಸಾಕು.

ನೀರಿನ ದಾರಿ ಬಿಡಿಸುವುದು

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆಯಿರುವ ದಾರಿ ಇದು, ಫೋಟೊಕ್ಕೆ ಎಲ್ಲಕ್ಕಿಂತ ಕಡಿಮೆ ಒದಗುವುದೂ ಇದೇ. ಕಾಂಡ್ಲಾ ಇಲ್ಲದ ಜಾಗದಲ್ಲಿ ಬಹಳ ಸಲ ಬೀಜಕ್ಕೆ ಕೊರತೆಯಿರುವುದಿಲ್ಲ. ಭರತ ಬಂದಾಗಲೆಲ್ಲ ಬೀಜ ತೇಲಿ ಬಂದು ಬಾಗಿಲು ತಟ್ಟುತ್ತಿರುತ್ತದೆ. ನಡುವೆ ಒಂದು ಒಡ್ಡೋ, ರಸ್ತೆಯ ಮಣ್ಣೋ, ಹೂಳು ತುಂಬಿದ ಕಾಲುವೆಯೋ ಇರುತ್ತದೆ. ಒಳಗಿನ ನೀರು ಹೊರಬೀಳದೆ ನಿಂತು ಬೇಸಿಗೆಯಲ್ಲಿ ಉಪ್ಪು ಗಟ್ಟಿಯಾಗಿ ನೆಲದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಂಥಲ್ಲಿ ಎಷ್ಟು ನೆಟ್ಟರೂ ಒಣಗುತ್ತದೆ.

ತಮಿಳುನಾಡಿನ ಪಿಚಾವರಂನಲ್ಲಿ ಇದೇ ಆಗಿತ್ತು. ಹಿಂದೆ ಕಾಡನ್ನು ಕೂಪು ಕೂಪಾಗಿ ಬೋಳಿಸಿದ್ದರಿಂದ ನೆಲ ಒಣಗಿ ತಟ್ಟೆಯಂತೆ ತಗ್ಗಾಗಿತ್ತು. ಒಳಬಂದ ಉಪ್ಪುನೀರು ಹಿಂದಿರುಗುತ್ತಿರಲಿಲ್ಲ. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಮತ್ತು ಅಲ್ಲಿನ ಅರಣ್ಯ ಇಲಾಖೆ ಸೇರಿ ಮೀನಿನ ಮುಳ್ಳಿನ ಆಕಾರದಲ್ಲಿ, ನಡುವೆ ದೊಡ್ಡ ಕಾಲುವೆ, ಎರಡೂ ಕಡೆ ಓರೆಯಾಗಿ ಸಣ್ಣ ಕಾಲುವೆ ತೋಡಿ ಭರತದ ನೀರು ಬಂದು ಹೋಗುವಂತೆ ಮಾಡಿದರು. ಆಮೇಲೆ ಕಾಲುವೆಯ ಅಂಚಿನಲ್ಲಿ ನೆಟ್ಟದ್ದು ನಿಂತಿತು.

ನಮ್ಮಲ್ಲಿ ಇದಕ್ಕೆ ಸರಿಯಾದ ಜಾಗ ಬಿಟ್ಟ ಗಜನಿಗಳು. ಗಜನಿಯೆಂದರೆ ಒಡ್ಡು ಕಟ್ಟಿ ಉಪ್ಪುನೀರು ತಡೆದು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಬೇಸಿಗೆಯಲ್ಲಿ ಹಲಗೆಯ ಬಾಗಿಲು ಎತ್ತಿ ಸಿಗಡಿ, ಮೀನು ಹಿಡಿಯುವ ಗದ್ದೆ. ಆಮೇಲೆ ಸಿಗಡಿಯೊಂದೇ ಲಾಭವೆಂದು ಹಲವರು ಭತ್ತ ಬಿಟ್ಟರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಕೈಕೊಟ್ಟಿತು. ನೋಡುವವರಿಲ್ಲದೆ ಒಡ್ಡು ಒಡೆದ ಗಜನಿಗಳೊಳಗೆ ಕಾಂಡ್ಲಾ ತಾನಾಗಿ ಎದ್ದದ್ದನ್ನು ಅಘನಾಶಿನಿಯ ದಂಡೆಯಲ್ಲಿ ದೋಣಿಯಲ್ಲಿ ಕೂತು ಹೋಗುತ್ತಲೇ ನೋಡಬಹುದು. ಯಾವ ಯೋಜನೆಯೂ ಅದನ್ನು ನೆಟ್ಟದ್ದಲ್ಲ.

ಇಲ್ಲೊಂದು ಎಚ್ಚರಿಕೆ. ಎಲ್ಲ ಗಜನಿಯೂ ಬಿಟ್ಟ ಗಜನಿಯಲ್ಲ. ಕುಮಟಾದ ಮಾಣಿಕಟ್ಟಾದಂಥ ಕಡೆ ಕಗ್ಗ ಇನ್ನೂ ಉಳಿದಿದೆ. ಕಾಂಡ್ಲಾಕ್ಕಾಗಿ ಒಂದು ಗದ್ದೆಯ ಒಡ್ಡು ಕಡಿದರೆ ಪಕ್ಕದ ಹತ್ತು ಗದ್ದೆಗೆ ಉಪ್ಪು ನುಗ್ಗುತ್ತದೆ. ಉಪ್ಪುನೀರಿನಲ್ಲಿ ನಿಲ್ಲುವ ಅಂಥ ಭತ್ತ ಕಳೆದುಕೊಂಡರೆ ಅದನ್ನು ಮತ್ತೆ ತರುವುದು ಕೆಲ್ಪ್ ತರುವುದಕ್ಕಿಂತ ಕಷ್ಟ. ಬೇಸಾಯ ನಡೆಯುತ್ತಿರುವಲ್ಲಿ ಒಡ್ಡಿನ ಹೊರಮೈಗೆ ಕಾಂಡ್ಲಾ ಊರುವುದೇ ಸರಿ. ಅಲೆಯ ಹೊಡೆತ ಗಿಡ ತಾಳಿಕೊಳ್ಳುತ್ತದೆ, ಪ್ರತಿವರ್ಷ ಒಡ್ಡಿಗೆ ಮಣ್ಣು ಹಾಕುವ ಕೂಲಿ ಉಳಿಯುತ್ತದೆ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ.

ಮಾಡುವುದಾದರೆ ಕಾಗದಪತ್ರದ ಕೆಲಸ ಸಣ್ಣದಲ್ಲ. ಕಾಂಡ್ಲಾ ಇರುವ ನೆಲ, ಕೆಸರು ಬಯಲು ಎರಡೂ ಕರಾವಳಿ ನಿಯಂತ್ರಣ ವಲಯದ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಬರುತ್ತವೆ. ಗಜನಿಗೆ ಒಡೆಯರಿರುತ್ತಾರೆ, ಒಬ್ಬರಲ್ಲ, ಮುಂಬಯಿಯಲ್ಲಿರುವ ಅಣ್ಣತಮ್ಮಂದಿರೆಲ್ಲ ಸೇರಿ. ಒಡ್ಡು ಸರಕಾರದ್ದಾದರೆ ಸಣ್ಣ ನೀರಾವರಿ ಇಲಾಖೆಯನ್ನು ಕೇಳಬೇಕು, ಕಾಂಡ್ಲಾ ಮುಟ್ಟುವುದಾದರೆ ಅರಣ್ಯ ಇಲಾಖೆಯನ್ನು. ಗುದ್ದಲಿಗೆ ತಗಲುವ ಖರ್ಚಿಗಿಂತ ಬಸ್ಸಿನ ಖರ್ಚು ಹೆಚ್ಚಾಗುತ್ತದೆ.

ಅಜ್ಜಿಯ ತಾಟು

ಕಡಲ ಕಾಡಿನ ಉಮೇದಿಯಲ್ಲಿ ಮರೆತುಹೋಗುವ ಸಂಗತಿ ಇದು: ಗಿಡವಿಲ್ಲದ ಕೆಸರು ಬಯಲು ಹಾಳುಬಿದ್ದ ಜಾಗವಲ್ಲ. ಅದರೊಳಗೆ ಬಳಚು, ಚಿಪ್ಪಿಕಲ್ಲು ಇವೆ. ಅಂಬಿಗ, ಹರಿಕಂತ್ರ, ಹಾಲಕ್ಕಿ ಮನೆಗಳ ಹೆಂಗಸರ ದಿನದ ದುಡಿಮೆ ಇದೆ. ಚಳಿಗಾಲಕ್ಕೆ ಬರುವ ಹಕ್ಕಿಗಳ ಮೇವಿದೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಕಾಂಡ್ಲಾದಷ್ಟೇ ಈ ಬಯಲೂ ಅದರೊಳಗೆ ಸೇರಿತು. ನಿಮ್ಮೂರಿನಲ್ಲಿ ಕಡಿಮೆಯಾಗಿರುವುದು ಬಳಚಾಗಿದ್ದರೆ ನೆಡುವುದಕ್ಕೆ ಅರ್ಥವೇ ಇಲ್ಲ. ಅಲ್ಲಿ ಬೇಕಾದದ್ದು ಬಿಡುವು.

ಕೇರಳದ ಅಷ್ಟಮುಡಿ ಸರೋವರದವರು ಅದನ್ನು ಮಾಡಿ ತೋರಿಸಿದ್ದಾರೆ. ಬಳಚು ಮರಿಯಿಡುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹೆಕ್ಕುವುದಿಲ್ಲ, ಸಣ್ಣದು ಜಾರಿಹೋಗುವಂತೆ ಬಲೆಯ ಕಣ್ಣು ದೊಡ್ಡದಿಡುತ್ತಾರೆ. 2014ರಲ್ಲಿ ಆ ಮೀನುಗಾರಿಕೆಗೆ, ಕಡಲನ್ನು ಬರಿದು ಮಾಡದೆ ಹಿಡಿಯುವವರಿಗೆ ಕೊಡುವ ಅಂತರರಾಷ್ಟ್ರೀಯ ಎಂ.ಎಸ್.ಸಿ. ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ನ್ಯೂಜಿಲೆಂಡಿನ ಲೇಯ ದಾರಿಯೇ ಇದು, ಆದರೆ ಮೂರು ತಿಂಗಳಿನದು. ಹಣ ಬಹುತೇಕ ಬೇಡ. ಹೆಕ್ಕುವ ಹೆಂಗಸರೆಲ್ಲ ಒಂದೇ ಚಾಪೆಯ ಮೇಲೆ ಕೂತು ಒಪ್ಪಬೇಕು, ಬಿಡುವಿನ ತಿಂಗಳುಗಳಲ್ಲಿ ಒಲೆ ಉರಿಯುವುದು ಹೇಗೆಂದು ಮೊದಲೇ ಮಾತಾಗಬೇಕು. ಅದು ಹತ್ತು ಲಕ್ಷದ ಯೋಜನೆಗಿಂತ ಕಷ್ಟದ ಕೆಲಸ.

ಉಳಿದೆರಡು, ಚುಟುಕಾಗಿ

ಕಾಂಕ್ರೀಟ್ ಬಂಡೆಗಳನ್ನು ಕಡಲಿಗೆ ಇಳಿಸುವ ಕೃತಕ ದಿಬ್ಬ: ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ನೆರವಿನಿಂದ ತಮಿಳುನಾಡಿನಲ್ಲಿ ಬಹಳ ಕಡೆ ಇಳಿಸಿದ್ದಾರೆ. ಮೀನು ಸೇರುತ್ತದೆ, ತಳ ಗೋರುವ ಟ್ರಾಲ್ ಬಲೆ ಆ ಕಡೆ ಬರಲು ಹೆದರುತ್ತದೆ. ಕಾಡು ಮಾತ್ರ ಬೆಳೆಯುವುದಿಲ್ಲ. ಸರಕಾರ ಮಾಡುವಂಥ ಕೆಲಸ, ಯುವಕ ಸಂಘದ್ದಲ್ಲ. ಎಲ್ಲಿ ಇಳಿಸಬೇಕೆಂದು ರಂಪಣಿಯವರನ್ನು ಕೇಳದಿದ್ದರೆ ಅವರ ಬಲೆಯೇ ಮೊದಲು ಹರಿಯುತ್ತದೆ.

ಇನ್ನೊಂದು, ಹಗ್ಗಕ್ಕೆ ಕಟ್ಟಿ ಬೆಳೆಸುವ ಕಪ್ಪಾಫೈಕಸ್ ಕಡಲಕಳೆ. ಇದು ಬೇಸಾಯ, ಮರುಜೀವವಲ್ಲ. ಕಾಗದದಲ್ಲಿ ಎರಡನ್ನೂ ಕಲಸಿ ಬರೆಯುವವರಿದ್ದಾರೆ. ಹೊರಗಿನಿಂದ ಬಂದ ಈ ಜಾತಿ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದ್ದು ದಾಖಲಾಗಿದೆ. ನಮ್ಮ ಹತ್ತಿರ ಇರುವುದೇ ಮುರ್ಡೇಶ್ವರದಾಚೆಯ ನೇತ್ರಾಣಿಯ ಒಂದಿಷ್ಟು ಹವಳ. ಸಾಲದ್ದಕ್ಕೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡಲಲ್ಲಿ ತೆಪ್ಪ ನಿಲ್ಲುವುದಿಲ್ಲ. ನಾನು ಬೇಡ ಎನ್ನುತ್ತೇನೆ.

ಆರಿಸುವ ಮುನ್ನ ಒಂದು ಮಳೆಗಾಲ

ಹುಡುಗರಿಗೆ ನಾನು ಕೊಟ್ಟ ಸಲಹೆ ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ: ಹಣ ಮುಟ್ಟಬೇಡಿ, ಮೊದಲು ಒಂದು ಮಳೆಗಾಲ ನೋಡಿ. ಬಿದಿರಿನ ಗಳಕ್ಕೆ ಗೇಣಿಗೊಂದು ಬಣ್ಣದ ಪಟ್ಟಿ ಬಳಿದು ಜಾಗದಲ್ಲಿ ನೆಡಿ. ಅಮಾವಾಸ್ಯೆ, ಅಷ್ಟಮಿ, ಹುಣ್ಣಿಮೆಗೆ ನೀರು ಎಲ್ಲಿಗೆ ಬಂತು, ಎಷ್ಟು ಹೊತ್ತು ನಿಂತಿತು ಬರೆಯಿರಿ. ತಾನಾಗಿ ಮೊಳೆತ ಸಸಿ ಇದೆಯೇ ಎಣಿಸಿ. ಮೊಳೆತು ಬದುಕುತ್ತಿದ್ದರೆ ಬೇಲಿ ಸಾಕು, ದನ ಮತ್ತು ಪ್ಲಾಸ್ಟಿಕ್ ತಡೆದರಾಯಿತು; ಉಪ್ಪಟ್ಟಿಯ ಸೊಪ್ಪೆಂದರೆ ದನಕ್ಕೆ ಪ್ರಾಣ. ಮೊಳೆತು ಸಾಯುತ್ತಿದ್ದರೆ ನೀರಿನ ದಾರಿಯಲ್ಲಿ ದೋಷವಿದೆ, ಗುದ್ದಲಿ ಹಿಡಿಯಿರಿ. ನೀರು ಸರಿಯಾಗಿ ಬಂದುಹೋಗುತ್ತಿದ್ದು, ನೆಲದ ಎತ್ತರವೂ ಸರಿಯಿದ್ದು, ಮೊಳಕೆಯೇ ಕಾಣದಿದ್ದರೆ ಆಗ ಮಾತ್ರ ಕೋಡು ಊರಿ, ಇಲ್ಲವೇ ಸಸಿ ತನ್ನಿ. ನೆಲ ತಗ್ಗಿನಲ್ಲಿದ್ದು ಬಳಚು ಸಿಗುತ್ತಿದ್ದರೆ ಅದು ಅಜ್ಜಿಯದು, ವಾಪಸು ಬನ್ನಿ.

ಅವರು ಆರಿಸಿದ್ದು ಊರ ಹಿಂದಿನ ಒಂದು ಬಿಟ್ಟ ಸಿಗಡಿ ಹೊಂಡ. ಒಡೆಯರು ಮೂವರು, ಒಬ್ಬರು ಠಾಣೆಯಲ್ಲಿ. ಫೋನಿನಲ್ಲಿ ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಕಚೇರಿಯ ಕಾಗದವೂ ಬಂದ ಮೇಲೆ ಸೆಪ್ಟೆಂಬರಿನಲ್ಲಿ ಒಡ್ಡಿಗೆ ಎರಡು ಕಡೆ ಬಾಯಿ ಬಿಡಿಸಿ, ಒಳಗಿನ ಹೂಳುಗಾಲುವೆ ಎತ್ತಿದರು. ನಾಲ್ಕು ಮೂಲೆಯಲ್ಲಿ ತೆಂಗಿನ ಹಗ್ಗದ ಚೌಕ ಕಟ್ಟಿದ್ದಾರೆ, ಒಂದೊಂದೂ ಒಂದು ಮಾರು ಅಗಲ. ಕಳೆದ ಹುಣ್ಣಿಮೆಗೆ ನಾನೂ ಹೋಗಿದ್ದೆ. ಮೂರು ಚೌಕಗಳಲ್ಲಿ ಕೆಸರು, ಏಡಿಯ ಬಿಲ, ಒಂದು ಚಪ್ಪಲಿ. ಬಾಯಿಗೆ ಹತ್ತಿರದ ನಾಲ್ಕನೆಯದರಲ್ಲಿ ಉಪ್ಪಟ್ಟಿಯ ಬೀಜ ಸಿಪ್ಪೆ ಕಳಚಿ, ಅವರೆಕಾಳಿನಂತೆ ಎರಡು ಬೇಳೆ ಬಿಚ್ಚಿಕೊಂಡು ಕೂತಿದ್ದವು, ಒಂಬತ್ತು. ಕಿರಿಯವನು ಮಂಡಿಯುದ್ದ ಕೆಸರಿನಲ್ಲಿ ಬಗ್ಗಿ ಫೋಟೊ ತೆಗೆಯಲು ನೋಡಿದ. ಪರದೆಯಲ್ಲಿ ಕೆಸರು ಬಿಟ್ಟರೆ ಏನೂ ಕಾಣಲಿಲ್ಲ. ಕಂಪನಿಯವರಿಗೆ ಏನು ಕಳಿಸುವುದೆಂದು ಇನ್ನೂ ಚರ್ಚೆ ನಡೆದಿದೆ.